ಅನಿಶ್ಚಿತತೆಯ ಹೊರೆ ಯಾರ ಹೆಗಲಿಗೆ: ಗೋದಾವರಿ ದಡದ ದಾಖಲೆಗಳು ಮತ್ತು ಇಂದಿನ ಕೆಲಸದ ತಂಡ

ಕೆಲಸದ ತಂಡವನ್ನು ನಡೆಸುವವರಿಗೆ ಕಷ್ಟಕಾಲದಲ್ಲಿ ಸಿಗುವ ಸಲಹೆಯೆಲ್ಲ ಹೆಚ್ಚುಕಡಿಮೆ ಮಾತಿಗೆ ಸಂಬಂಧಿಸಿದ್ದು. ಜೊತೆಯವರಿಗೆ ಧೈರ್ಯ ಹೇಳಿ, ಆಗಾಗ ಸಭೆ ಕರೆಯಿರಿ, ಮುಖದ ಮೇಲೆ ಆತಂಕ ತೋರಿಸಬೇಡಿ, ಗುರಿಯನ್ನು ನೆನಪಿಸುತ್ತಿರಿ. ಇವು ಕೆಟ್ಟ ಸಲಹೆಗಳೇನೂ ಅಲ್ಲ. ಆದರೆ ಬೇಡಿಕೆ ಕುಸಿದಾಗ, ಆಡಳಿತ ಬದಲಾದಾಗ, ಕಚ್ಚಾಮಾಲಿನ ಬೆಲೆ ಕೈಗೆ ಸಿಗದಷ್ಟು ಏರಿದಾಗ ದುಡಿಯುವವರ ಮನಸ್ಸನ್ನು ಕೊರೆಯುವ ಪ್ರಶ್ನೆಗಳು ಬೇರೆಯೇ ಇರುತ್ತವೆ. ನಷ್ಟವಾದರೆ ಅದು ಯಾರ ಲೆಕ್ಕಕ್ಕೆ ಹೋಗುತ್ತದೆ? ಕೆಲಸ ನಿಂತ ದಿನಗಳ ಕೂಲಿ ಯಾರ ಕೈಯಿಂದ ಬರುತ್ತದೆ? ನಿನ್ನೆ ಕೊಟ್ಟ ಮಾತು ನಾಳೆಯೂ ನಡೆಯುತ್ತದೆಯೇ? ಇವಕ್ಕೆ ಉತ್ತರವಿಲ್ಲದ ಧೈರ್ಯದ ಮಾತು ಬಹಳ ದಿನ ಬಾಳುವುದಿಲ್ಲ. ಈ ಉಪನ್ಯಾಸದಲ್ಲಿ ನಾನು ಮಂಡಿಸುವ ವಾದ ಒಂದೇ. ಅನಿಶ್ಚಿತ ಕಾಲದ ಮುಂದಾಳ್ತನವು ಮೊದಲಿಗೆ ಹಂಚಿಕೆಯ ಪ್ರಶ್ನೆ, ಮಾತುಗಾರಿಕೆಯ ಸ್ಥಾನ ಅದರ ನಂತರದ್ದು. ಬರಲಿರುವುದನ್ನು ಯಾರೂ ತಿಳಿಯಲಾರರು. ಆದರೆ ತಿಳಿಯದಿರುವುದರ ಹೊರೆ ಯಾರ ಹೆಗಲಿಗೆ ಎಷ್ಟು ಎಂಬುದನ್ನು ಮೊದಲೇ ನಿರ್ಧರಿಸಿ ಬರೆದಿಡಲು ಸಾಧ್ಯ. ಹಾಗೆ ಬರೆದಿಟ್ಟವರ ತಂಡ ಉಳಿಯುವ ಸಾಧ್ಯತೆ ಹೆಚ್ಚು.

ಈ ಮಾತಿಗೆ ಸಾಕ್ಷ್ಯ ಹುಡುಕಲು ನಾನು ಪೈಠಣವನ್ನೂ, ಅದೇ ಗೋದಾವರಿಯ ಮೇಲ್ದಂಡೆಯಲ್ಲಿರುವ ನಾಸಿಕವನ್ನೂ ಆರಿಸಿಕೊಂಡಿದ್ದೇನೆ. ಕನ್ನಡಿಗರಿಗೆ ಇದು ಪರನಾಡೇನಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡ ನಾಡಿನ ಬಡಗಣ ಎಲ್ಲೆಯಾಗಿ ಹೆಸರಿಸಿದ್ದು ಈ ಹೊಳೆಯನ್ನೇ. ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣ, ಶಾತವಾಹನರ ಕಾಲದಲ್ಲಿ ಪ್ರತಿಷ್ಠಾನವೆಂಬ ರಾಜಧಾನಿಯಾಗಿತ್ತು; ಹದಿನಾರನೆಯ ಶತಮಾನದಲ್ಲಿ ಸಂತ ಏಕನಾಥರ ಊರಾಯಿತು; ಇಂದು ರೇಷ್ಮೆ ಮತ್ತು ಜರಿಯ ಸೀರೆಗೆ ತನ್ನ ಹೆಸರನ್ನೇ ಕೊಟ್ಟಿದೆ. ನೇಯುವವರ ತಂಡವೊಂದು ಆಳುವವರು ಬದಲಾದಾಗ, ಪೋಷಕರು ಕಣ್ಮರೆಯಾದಾಗ, ಮಳೆ ಕೈಕೊಟ್ಟಾಗ ಏನಾಗುತ್ತದೆ ಎಂಬುದಕ್ಕೆ ಈ ನೂರಾರು ಕಿಲೋಮೀಟರ್ ದಂಡೆಯಲ್ಲಿ ಎರಡು ಸಾವಿರ ವರ್ಷಗಳ ದಾಖಲೆಗಳಿವೆ. ಇದು ದತ್ತಿ ಉಪನ್ಯಾಸವಾದ್ದರಿಂದ, ಒಂದು ಹಳೆಯ ದತ್ತಿಯ ಶಾಸನವನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಅದಕ್ಕೂ ಮುನ್ನ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅಪಾಯವನ್ನೂ ಅನಿಶ್ಚಿತತೆಯನ್ನೂ ಬೇರ್ಪಡಿಸಿದರು. ಬೆಂಕಿ ಬೀಳುವುದು, ಸರಕು ಒಡೆಯುವುದು ಇಂಥವನ್ನು ಹಿಂದಿನ ಅನುಭವದಿಂದ ಲೆಕ್ಕ ಹಾಕಬಹುದು, ಅವಕ್ಕೆ ವಿಮೆ ಇಳಿಸಬಹುದು. ಲೆಕ್ಕಕ್ಕೇ ಸಿಗದ ನಾಳೆಗಳೂ ಇವೆ, ಅವಕ್ಕೆ ವಿಮೆಯಿಲ್ಲ. ಉದ್ಯಮಿಗೆ ಲಾಭ ಏಕೆ ಸಲ್ಲಬೇಕು ಎಂಬ ಪ್ರಶ್ನೆಗೆ ನೈಟ್ ಕೊಟ್ಟ ಉತ್ತರ ಇದರ ಮೇಲೆಯೇ ನಿಂತಿದೆ: ವಿಮೆ ಇಳಿಸಲಾಗದ ಆ ಭಾಗವನ್ನು ಅವನು ಹೊರುತ್ತಾನೆ, ದುಡಿಯುವವರಿಗೆ ಗೊತ್ತುಮಾಡಿದ ಕೂಲಿ ಕೊಡುತ್ತಾನೆ, ಉಳಿದದ್ದು ಅವನದು. ನನಗೆ ಈ ವಾದದ ಇನ್ನೊಂದು ಮುಖ ಮುಖ್ಯವೆನಿಸುತ್ತದೆ. ಹೊರೆಯನ್ನು ಕೆಳಗಿನವರಿಗೆ ದಾಟಿಸಿ ಲಾಭವನ್ನು ತನ್ನಲ್ಲೇ ಇಟ್ಟುಕೊಳ್ಳುವವನು ಆ ಲಾಭಕ್ಕೆ ಇದ್ದ ಸಮರ್ಥನೆಯನ್ನೇ ಕಳೆದುಕೊಳ್ಳುತ್ತಾನೆ. ಅವನು ತಂಡದ ಮುಂದೆ ನಿಂತು ಆಡುವ ಮಾತಿಗೆ ತೂಕವಿಲ್ಲದಿರುವುದು ಆ ಕಾರಣಕ್ಕೇ; ಕೇಳುವವರಿಗೆ ನೈಟ್‌ನ ಹೆಸರು ಗೊತ್ತಿರಬೇಕಾಗಿಲ್ಲ.

ನಾಸಿಕದ ತ್ರಿರಶ್ಮಿ ಬೆಟ್ಟದಲ್ಲಿ, ಜನ ಪಾಂಡವ ಲೇಣಿ ಎನ್ನುವ ಗುಹೆಗಳ ಸಾಲಿನಲ್ಲಿ, ಹತ್ತನೆಯ ಗುಹೆಯ ಗೋಡೆಯ ಮೇಲೆ ಉಷವದಾತನ ಪ್ರಾಕೃತ ಶಾಸನವಿದೆ. ಅವನು ಕ್ಷಹರಾತ ಕ್ಷತ್ರಪ ನಹಪಾನನ ಅಳಿಯ. ಶಾಸನ ಎಣಿಸುವ 42ನೆಯ ವರ್ಷದ ವೈಶಾಖದಲ್ಲಿ ಅವನು ಆ ಗುಹೆಯನ್ನು ಬೌದ್ಧ ಸಂಘಕ್ಕೆ ಬಿಟ್ಟುಕೊಟ್ಟು, ಜೊತೆಗೆ 3,000 ಕಾರ್ಷಾಪಣ ನಾಣ್ಯಗಳ ಅಕ್ಷಯ ನಿಧಿಯನ್ನು ಇಟ್ಟ. ಆ ಹಣ ಹೋದದ್ದು ಸಮೀಪದ ಗೋವರ್ಧನದ ನೇಕಾರರ ಎರಡು ಶ್ರೇಣಿಗಳ, ಅಂದರೆ ಕಸುಬಿನ ಸಂಘಗಳ, ಕೈಗೆ. ಒಂದು ಶ್ರೇಣಿಗೆ 2,000, ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಇನ್ನೊಂದಕ್ಕೆ 1,000, ನೂರಕ್ಕೆ ಮುಕ್ಕಾಲರಂತೆ. ಅಸಲನ್ನು ಎಂದೂ ಹಿಂದಿರುಗಿಸಬೇಕಾಗಿಲ್ಲ, ಬಡ್ಡಿಯನ್ನಷ್ಟೇ ಬಳಸಬೇಕು. ಮೊದಲ ನಿಧಿಯ ಬಡ್ಡಿಯಿಂದ ಗುಹೆಯಲ್ಲಿ ಮಳೆಗಾಲ ಕಳೆಯುವ ಇಪ್ಪತ್ತು ಭಿಕ್ಷುಗಳಿಗೆ ತಲಾ ಹನ್ನೆರಡು ಕಾರ್ಷಾಪಣ ಚೀವರದ, ಅಂದರೆ ಉಡುವ ಬಟ್ಟೆಯ, ಖರ್ಚಿಗೆ. ಲೆಕ್ಕ ಹಾಕಿ ನೋಡಿ: 2,000ಕ್ಕೆ ವರ್ಷದ ಬಡ್ಡಿ 240, ಇಪ್ಪತ್ತು ಜನಕ್ಕೆ ಹನ್ನೆರಡರಂತೆ ಅದೂ 240. ಒಂದು ಕಾಸು ಹೆಚ್ಚಿಲ್ಲ, ಕಡಿಮೆಯಿಲ್ಲ. ಕೊನೆಯಲ್ಲಿ, ಇದೆಲ್ಲವನ್ನೂ ನಿಗಮಸಭೆಯಲ್ಲಿ ಸಾರಿ, ರೂಢಿಯಂತೆ ದಾಖಲೆಯ ಮನೆಯಲ್ಲಿ ಬರೆಸಲಾಗಿದೆ ಎಂಬ ಮಾತು ಬರುತ್ತದೆ.

ಇದನ್ನು ನೇಕಾರರ ಕಡೆಯಿಂದ ಓದಬೇಕು. ಶ್ರೇಣಿಗೆ ದುಡಿಯುವ ಬಂಡವಾಳ ಸಿಕ್ಕಿತು, ಮರಳಿ ಕೇಳದ ಬಂಡವಾಳ. ಪ್ರತಿಯಾಗಿ ಅದು ಒಪ್ಪಿಕೊಂಡದ್ದು ಗೊತ್ತಾದ ಒಂದು ಮೊತ್ತ. ನೂಲಿನ ಬೆಲೆ ಏರಲಿ ಇಳಿಯಲಿ, ಸಂತೆ ಕೂಡಲಿ ಬಿಡಲಿ, ಏರಿಳಿತವೆಲ್ಲ ಶ್ರೇಣಿಯದು, ಭಿಕ್ಷುವಿನ ಹನ್ನೆರಡು ಕಾರ್ಷಾಪಣ ಅಲುಗಬಾರದು. ಅನಿಶ್ಚಿತತೆಯನ್ನು ಹೊರಬಲ್ಲ ಸಂಸ್ಥೆ ಅದನ್ನು ಹೊತ್ತಿತು, ಹೊರಲಾರದ ವ್ಯಕ್ತಿಯನ್ನು ಅದರಿಂದ ದೂರವಿಟ್ಟಿತು. ಎರಡು ಶ್ರೇಣಿಗಳ ಬಡ್ಡಿ ಬೇರೆಬೇರೆ ಇರುವುದನ್ನೂ ಗಮನಿಸಬೇಕು. ಒಂದೇ ಊರು, ಒಂದೇ ಕಸುಬು, ಒಬ್ಬನೇ ದಾನಿ. ಆದರೂ ಒಬ್ಬರು ನೂರಕ್ಕೆ ಒಂದು, ಇನ್ನೊಬ್ಬರು ಮುಕ್ಕಾಲು ಒಪ್ಪಿದ್ದಾರೆ. ಮೊತ್ತ, ಬಳಕೆ, ಬಲ ನೋಡಿ ಮಾತಾಡಿ ಗೊತ್ತುಮಾಡಿದ ದರಗಳಿವು ಎಂದೇ ನಾನು ಓದಿಕೊಳ್ಳುತ್ತೇನೆ. ತಮ್ಮಿಂದ ಆಗುವಷ್ಟನ್ನೇ ಒಪ್ಪಿಕೊಳ್ಳುವುದು ಮುಂದಾಳಿನ ಗುಣಗಳಲ್ಲಿ ದೊಡ್ಡದು. ದೊಡ್ಡ ಭರವಸೆಯನ್ನು ಯಾರಾದರೂ ಕೊಡಬಲ್ಲರು. ನಡೆಸಬಲ್ಲ ಚಿಕ್ಕ ಮಾತನ್ನು ಕೊಟ್ಟು ಸಭೆಯ ಮುಂದೆ ಬರೆಸುವುದಕ್ಕೆ ತನ್ನ ಶಕ್ತಿಯ ಅಳತೆ ಗೊತ್ತಿರಬೇಕು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಶಾಸನ ಹೇಳುವುದು ಒಪ್ಪಂದವನ್ನು, ಅದರ ಪಾಲನೆಯನ್ನಲ್ಲ. ಕಲ್ಲಿನ ಮೇಲೆ ಕೆತ್ತಿದ ಮಾತ್ರಕ್ಕೆ ಬಡ್ಡಿ ಸಂದಾಯವಾಯಿತೆಂದು ಹೇಗೆ ನಂಬುವುದು? ನೇರ ರಸೀದಿ ಇಲ್ಲ, ಒಪ್ಪುತ್ತೇನೆ. ಆದರೆ ಪರೋಕ್ಷ ಸಾಕ್ಷ್ಯವೊಂದಿದೆ. ಅದೇ ಗುಹೆಯಲ್ಲಿ, ಮೂರನೆಯ ಶತಮಾನದ ಆಭೀರ ರಾಜ ಈಶ್ವರಸೇನನ ಆಳ್ವಿಕೆಯ ಒಂಬತ್ತನೆಯ ವರ್ಷದ ಇನ್ನೊಂದು ಶಾಸನವಿದೆ. ವಿಷ್ಣುದತ್ತಾ ಎಂಬ ಉಪಾಸಿಕೆ ಕಾಯಿಲೆಬಿದ್ದ ಭಿಕ್ಷುಗಳ ಔಷಧಿಗಾಗಿ ಕುಂಬಾರರ, ನೀರಿನ ಯಂತ್ರ ಮಾಡುವವರ, ಎಣ್ಣೆ ಗಾಣದವರ ಶ್ರೇಣಿಗಳಲ್ಲಿ ಹಣ ಇಟ್ಟದ್ದನ್ನು ಅದು ಹೇಳುತ್ತದೆ. ಕ್ಷಹರಾತರು ಹೋದರು, ಶಾತವಾಹನರು ಬಂದು ಹೋದರು, ಆಭೀರರು ಬಂದರು. ಅಷ್ಟೆಲ್ಲ ಆದಮೇಲೂ ಔಷಧಿಯಂಥ ತುರ್ತಿನ ಬಾಬ್ತಿಗೆ ಹಣ ಇಡಲು ಜನ ನಂಬಿದ್ದು ಕೆಲಸಗಾರರ ಶ್ರೇಣಿಗಳನ್ನೇ. ಕೊಟ್ಟ ಮಾತು ಪದೇಪದೇ ಮುರಿದಿದ್ದರೆ ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಈ ರೂಢಿ ಉಳಿದಿರುತ್ತಿರಲಿಲ್ಲ.

ಉಷವದಾತನ ದತ್ತಿಯ ನಂತರದ ವರ್ಷಗಳು ಈ ದಂಡೆಗೆ ಯುದ್ಧದ ವರ್ಷಗಳು. ಶಾತವಾಹನ ಅರಸ ಗೌತಮೀಪುತ್ರ ಶಾತಕರ್ಣಿ ನಹಪಾನನನ್ನು ಸೋಲಿಸಿದ. ಆ ಗೆಲುವಿನ ಬೆನ್ನಲ್ಲೇ ಅವನು ಹೊರಡಿಸಿದ ಆಜ್ಞೆ ಮೂರನೆಯ ಗುಹೆಯಲ್ಲಿದೆ. ಅವನ ಹದಿನೆಂಟನೆಯ ವರ್ಷದ್ದು, ವೈಜಯಂತಿಯ ಸೇನೆಯ ವಿಜಯದ ಬೀಡಿನಿಂದ ಗೋವರ್ಧನದ ಅಮಾತ್ಯ ವಿಷ್ಣುಪಾಲಿತನಿಗೆ ಬರೆದದ್ದು. ವೈಜಯಂತಿಯನ್ನು ವಿದ್ವಾಂಸರು ನಮ್ಮ ಬನವಾಸಿಯೆಂದು ಗುರುತಿಸುತ್ತಾರೆ. ಉಷವದಾತ ಅನುಭವಿಸುತ್ತಿದ್ದ ಇನ್ನೂರು ನಿವರ್ತನ ಹೊಲವನ್ನು ಭಿಕ್ಷುಗಳಿಗೆ ಕೊಡಲಾಗಿದೆ, ಅಧಿಕಾರಿಗಳು ಅದರೊಳಗೆ ಕಾಲಿಡಬಾರದು, ಉಪ್ಪಿಗಾಗಿ ಅಗೆಯಬಾರದು ಎಂಬ ವಿನಾಯಿತಿಗಳೂ ಅದರಲ್ಲಿವೆ. ಆರು ವರ್ಷಗಳ ಬಳಿಕ, ಇಪ್ಪತ್ನಾಲ್ಕನೆಯ ವರ್ಷದಲ್ಲಿ, ಅದರ ಕೆಳಗೇ ಇನ್ನೊಂದು ಆಜ್ಞೆ. ಈಗ ಅಮಾತ್ಯ ಶ್ಯಾಮಕ. ಆಜ್ಞೆ ಬರುತ್ತಿರುವುದು ರಾಜ ಮತ್ತು ರಾಜಮಾತೆ ಇಬ್ಬರ ಹೆಸರಿನಲ್ಲಿ. ಅದರ ತಿರುಳು ಹೀಗಿದೆ: ಹಿಂದೆ ಕಖಡಿ ಗ್ರಾಮದಲ್ಲಿ ನಾವು ಹೊಲ ಕೊಟ್ಟಿದ್ದೆವು, ಆದರೆ ಆ ಹೊಲ ಉಳುಮೆಯಾಗುತ್ತಿಲ್ಲ, ಆ ಗ್ರಾಮದಲ್ಲಿ ಜನವಸತಿಯೂ ಇಲ್ಲ, ಆದ್ದರಿಂದ ನಗರದ ಎಲ್ಲೆಯಲ್ಲಿರುವ ನಮ್ಮ ಹೊಲದಿಂದ ನೂರು ನಿವರ್ತನ ಕೊಡುತ್ತೇವೆ.

ಆಡಳಿತದ ಚರಿತ್ರೆಯಲ್ಲಿ ಇಷ್ಟು ನೇರವಾದ ದಾಖಲೆಗಳು ವಿರಳ. ಗೆದ್ದ ಅರಸ, ಯುದ್ಧದ ಹುಮ್ಮಸ್ಸಿನಲ್ಲಿ ಬೀಡಿನಿಂದಲೇ ಕೊಟ್ಟ ಮಾತು, ನೆಲದ ಮೇಲೆ ಅದು ಹುಸಿಯಾಗಿದೆ. ಹೊಲ ದಾಖಲೆಯಲ್ಲಿದೆ, ಉಳುವವರು ಊರು ಬಿಟ್ಟಿದ್ದಾರೆ. ಅವನು ಮೂರು ಕೆಲಸ ಮಾಡಿದ. ಕೊಟ್ಟದ್ದು ಫಲ ಕೊಡಲಿಲ್ಲವೆಂದು ಕಾರಣಸಹಿತ ಬರೆಸಿದ. ಹಳೆಯ ಆಜ್ಞೆಯನ್ನು ಅಳಿಸಲಿಲ್ಲ, ಓದುವವರಿಗೆ ಎರಡೂ ಕಾಣುವಂತೆ ಬಿಟ್ಟ. ನಷ್ಟವನ್ನು ಪಡೆದವರ ಮೇಲೆ ಹಾಕದೆ ತನ್ನ ನೆಲದಿಂದ ತುಂಬಿಕೊಟ್ಟ. ಇನ್ನೂರರ ಬದಲು ನೂರೇ ನಿವರ್ತನ ಎಂಬುದು ನಿಜ; ಆದರೆ ಪಾಳುಬಿದ್ದ ಇನ್ನೂರಕ್ಕಿಂತ ಊರಂಚಿನ ನೂರು ಮೇಲು. ತಪ್ಪನ್ನು ಒಪ್ಪಿಕೊಂಡರೆ ಕೆಳಗಿನವರ ಕಣ್ಣಲ್ಲಿ ಸಡಿಲವಾಗುತ್ತೇವೆ ಎಂದು ಅಂಜುವ ವ್ಯವಸ್ಥಾಪಕರು ಇಂದೂ ಇದ್ದಾರೆ. ಯೋಜನೆ ಕೈಕೊಟ್ಟಾಗ ಹಳೆಯ ಸುತ್ತೋಲೆಯ ಸುದ್ದಿ ಎತ್ತದೆ ಹೊಸದನ್ನು ಹೊರಡಿಸುತ್ತಾರೆ. ತಂಡದವರಿಗೆ ಹಳೆಯದು ನೆನಪಿರುತ್ತದೆ. ಹೊಸದೂ ಹೀಗೆಯೇ ಸದ್ದಿಲ್ಲದೆ ಕಾಣೆಯಾದೀತೆಂದು ಅವರು ಅಂದಾಜು ಕಟ್ಟುತ್ತಾರೆ, ಅದರಂತೆ ಕೆಲಸವನ್ನೂ ಅರೆಮನಸ್ಸಿನಿಂದ ಮಾಡುತ್ತಾರೆ. ಶಾತಕರ್ಣಿಯ ಅಧಿಕಾರ ಈ ತಿದ್ದುಪಡಿಯಿಂದ ಕುಂದಿದ ಸುಳಿವು ಎಲ್ಲೂ ಇಲ್ಲ. ಅವನ ಮಗನ ಕಾಲದಲ್ಲಿ ಅಜ್ಜಿ ಗೌತಮೀ ಬಾಲಶ್ರೀ ಕೆತ್ತಿಸಿದ ದೀರ್ಘ ಪ್ರಶಸ್ತಿಯೂ ಅದೇ ಗುಹೆಯಲ್ಲಿದೆ.

ನಾಣ್ಯಗಳ ವಿಷಯವನ್ನೂ ಇಲ್ಲಿ ಸೇರಿಸಬೇಕು. 1906ರಲ್ಲಿ ನಾಸಿಕದ ಹತ್ತಿರದ ಜೋಗಲ್‌ಟೆಂಭಿಯಲ್ಲಿ 13,250 ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಎಲ್ಲವೂ ನಹಪಾನನವು, ಅವುಗಳಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚಿನವುಗಳ ಮೇಲೆ ಗೌತಮೀಪುತ್ರ ತನ್ನ ಮುದ್ರೆ ಒತ್ತಿಸಿದ್ದ. ಸೋತವನ ಹಣವನ್ನು ರದ್ದುಮಾಡದೆ, ಅದೇ ಬೆಳ್ಳಿಯನ್ನು ಅದೇ ತೂಕದಲ್ಲಿ ಚಲಾವಣೆಯಲ್ಲಿ ಉಳಿಸಿದ. ಕೂಲಿಯವನ ಗಂಟಿನಲ್ಲಿದ್ದ ನಾಣ್ಯ ರಾಜ್ಯ ಬದಲಾದ ಮರುದಿನವೂ ನಾಣ್ಯವೇ ಆಗಿತ್ತು. ಹೊಸದಾಗಿ ಬಂದ ಮುಖ್ಯಸ್ಥರು ಹಿಂದಿನವರ ಒಪ್ಪಂದ, ರಜೆಯ ಲೆಕ್ಕ, ಬಡ್ತಿಯ ಸರದಿ ಎಲ್ಲವನ್ನೂ ಮೊದಲ ತಿಂಗಳಲ್ಲೇ ಅಳಿಸಿ ಬರೆಯಲು ಹೊರಡುವುದನ್ನು ಕಂಡಾಗಲೆಲ್ಲ ಈ ನಿಧಿ ನೆನಪಾಗುವುದು ಸಹಜ. ಬದಲಾವಣೆ ಬೇಕಾದ ಕಡೆ ಮುದ್ರೆ ಬದಲಾಗಲಿ. ದುಡಿದವರು ಕೂಡಿಟ್ಟದ್ದರ ತೂಕ ಬದಲಾಗಬಾರದು.

ಈಗ ಇದೇ ದಂಡೆಯ ಇಂದಿನ ಮಗ್ಗಕ್ಕೆ ಬರೋಣ. ಪೈಠಣಿ ಸೀರೆಯ ಮಗ್ಗಗಳು ಇಂದು ಹೆಚ್ಚಾಗಿರುವುದು ಪೈಠಣಕ್ಕಿಂತ ನಾಸಿಕ ಜಿಲ್ಲೆಯ ಯೇವಲಾದಲ್ಲಿ. ರೇಷ್ಮೆ ಬಹುಪಾಲು ನಮ್ಮ ಬೆಂಗಳೂರಿನ ಕಡೆಯಿಂದ ಹೋಗುತ್ತದೆ, ಜರಿ ಸೂರತ್ತಿನಿಂದ. ಸೆರಗಿನ ನವಿಲು, ಗಿಳಿ, ಕಮಲ, ಬಳ್ಳಿ ಎಲ್ಲವನ್ನೂ ಬಣ್ಣಬಣ್ಣದ ಹೊಕ್ಕಿನ ಎಳೆಗಳನ್ನು ಕೈಯಿಂದ ಒಂದಕ್ಕೊಂದು ಕೊಂಡಿ ಹಾಕಿ ನೇಯುತ್ತಾರೆ. ಹಿಂಬದಿಯಲ್ಲಿ ಎಳೆ ಜೋತುಬೀಳದೆ ಎರಡೂ ಮುಖ ಒಂದೇ ಬಗೆಯಾಗಿ ಕಾಣುವುದು ಇದರಿಂದಲೇ. ಸರಳ ಸೀರೆಗೆ ತಿಂಗಳು, ದಟ್ಟ ಸೆರಗಿನದಕ್ಕೆ ಹಲವು ತಿಂಗಳು, ಕೆಲವಕ್ಕೆ ವರ್ಷವೂ ದಾಟುತ್ತದೆ. ಪೇಶ್ವೆಗಳ ಮತ್ತು ನಿಜಾಮರ ಮನೆತನಗಳು ಕೊಳ್ಳುತ್ತಿದ್ದ ಕಾಲ ಮುಗಿದಾಗ ಪೈಠಣದ ಮಗ್ಗಗಳು ಒಂದೊಂದಾಗಿ ನಿಂತವು. ಕೊಳ್ಳುವವರು ಒಂದೇ ಕಡೆ ಇದ್ದಾಗ ಕಸುಬು ಎಷ್ಟು ಅಸ್ಥಿರವೆಂಬುದಕ್ಕೆ ಅದೊಂದು ಪಾಠ. ಸ್ವಾತಂತ್ರ್ಯದ ಬಳಿಕ ಮಹಾರಾಷ್ಟ್ರದ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ ಪೈಠಣದಲ್ಲಿ ನೇಯ್ಗೆ ಕೇಂದ್ರ ನಡೆಸಿ ಕೌಶಲ ಪೂರ್ತಿ ಕಳೆದುಹೋಗದಂತೆ ತಡೆಯಿತು. ಭೌಗೋಳಿಕ ಗುರುತಿನ ಮಾನ್ಯತೆಯೂ ಬಂದಿದೆ. ಆದರೂ ವಿದ್ಯುತ್ ಮಗ್ಗದ ಅಗ್ಗದ ನಕಲು ಅದೇ ಹೆಸರಿನಲ್ಲಿ ಅಂಗಡಿಯಲ್ಲಿ ಕೂತಿರುತ್ತದೆ.

ಈ ಕಸುಬಿನ ತಂಡದಲ್ಲಿ ಹೊರೆ ಹೇಗೆ ಹಂಚಿಹೋಗಿದೆ ನೋಡಿ. ಇಳಕಲ್, ಗುಳೇದಗುಡ್ಡದ ಮಗ್ಗಗಳಲ್ಲೂ ಚಿತ್ರ ಬಹಳ ಬೇರೆಯಿಲ್ಲ. ಮಾಲೀಕ ರೇಷ್ಮೆ, ಜರಿ, ವಿನ್ಯಾಸ ಕೊಡುತ್ತಾನೆ. ನೇಕಾರ ಸೀರೆಗಿಷ್ಟು ಎಂದು ಮಜೂರಿ ಪಡೆಯುತ್ತಾನೆ. ಮೇಲ್ನೋಟಕ್ಕೆ ನೈಟ್ ಹೇಳಿದಂತೆಯೇ ಇದೆ: ಮಾರಾಟದ ಅನಿಶ್ಚಿತತೆ ಮಾಲೀಕನದು, ಗೊತ್ತಾದ ಕೂಲಿ ನೇಕಾರನದು. ಆದರೆ ಮಜೂರಿ ಗೊತ್ತಾಗಿರುವುದು ಒಂದು ಸೀರೆಗೆ, ಒಂದು ತಿಂಗಳಿಗಲ್ಲ. ನೂಲು ಬರಲು ಎರಡು ವಾರ ತಡವಾದರೆ ಆ ಎರಡು ವಾರ ನೇಕಾರನವು. ಬಣ್ಣ ಸರಿಬರದೆ ಬಿಚ್ಚಿದರೆ ಆ ಶ್ರಮವೂ ಅವನದೇ. ಹಾಸು ಹೂಡುವ, ಕಂಡಿಕೆ ಸುತ್ತುವ ಕೆಲಸವನ್ನು ಮನೆಯ ಹೆಣ್ಣುಮಕ್ಕಳು ಮಾಡುತ್ತಾರೆ, ಅದು ಮಜೂರಿಯ ಲೆಕ್ಕದಲ್ಲಿ ಬೇರೆಯಾಗಿ ಕಾಣುವುದೇ ಇಲ್ಲ. ಮಾರುಕಟ್ಟೆ ನಿಂತಾಗ ಮಾಲೀಕ ಹೊಸ ಹಾಸು ಕೊಡುವುದನ್ನು ನಿಲ್ಲಿಸಿದರಾಯಿತು, ಅವನ ನಷ್ಟ ಅಲ್ಲಿಗೆ ನಿಲ್ಲುತ್ತದೆ. ನೇಕಾರನದು ಅಲ್ಲಿಂದ ಶುರುವಾಗುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ದೇಶ ಮುಚ್ಚಿದಾಗ ಮದುವೆಯ ಹಂಗಾಮೇ ಇಲ್ಲವಾಯಿತು, ಮದುವೆಗೆಂದು ನೇಯುವ ಸೀರೆಗಳ ಮಗ್ಗ ಆಗ ಯಾವ ಸ್ಥಿತಿಯಲ್ಲಿದ್ದಿರಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲ. 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿ ದೇಶದಲ್ಲಿ 35.22 ಲಕ್ಷ ಕೈಮಗ್ಗ ಕೆಲಸಗಾರರನ್ನು ಎಣಿಸಿತು. ಅವರಲ್ಲಿ ಮೂರರಲ್ಲಿ ಎರಡರಷ್ಟು ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿ ಮುಟ್ಟುತ್ತಿರಲಿಲ್ಲ. ಅದು ಮುಚ್ಚುವಿಕೆಗೂ ಮೊದಲಿನ ಮಾತು.

ಕಾರ್ಖಾನೆಯ ಕೆಲಸಗಾರನಿಗೆ ಕಾನೂನು ಈ ಪ್ರಶ್ನೆಗೆ ಒಂದು ಉತ್ತರ ಕೊಟ್ಟಿತ್ತು. ಕೈಗಾರಿಕಾ ವಿವಾದ ಕಾಯ್ದೆಗೆ 1953ರಲ್ಲಿ ಸೇರಿಸಿದ ಅಧ್ಯಾಯದ ಪ್ರಕಾರ, ಐವತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆ ಕೆಲಸವಿಲ್ಲವೆಂದು ಅವರನ್ನು ತಾತ್ಕಾಲಿಕವಾಗಿ ಮನೆಗೆ ಕಳಿಸಿದರೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ ಕೊಡಬೇಕಿತ್ತು. ಕಾಯುವ ದಿನದ ವೆಚ್ಚವನ್ನು ಎರಡೂ ಕಡೆಯವರು ಅರ್ಧರ್ಧ ಹೊರಬೇಕೆಂಬ ಸರಳ ತೀರ್ಮಾನವಿದು. ಸಂಭಾಜಿನಗರದ ವಾಳೂಜ್‌ನಂಥ ಕೈಗಾರಿಕಾ ಪ್ರದೇಶದ ಕಾಯಂ ಕೆಲಸಗಾರನನ್ನು ಈ ತತ್ವ ತಲುಪಬಲ್ಲದು. ಮನೆಯೊಳಗಿನ ಮಗ್ಗವನ್ನು ತಲುಪಲಾರದು, ಗುತ್ತಿಗೆಯವನನ್ನೂ ಬಹುಮಟ್ಟಿಗೆ ತಲುಪಲಾರದು. ಹಾಗಾಗಿ ಕಾನೂನು ನಿಲ್ಲುವ ಕಡೆಯಿಂದ ಮುಂದಾಳಿನ ಹೊಣೆ ಶುರುವಾಗುತ್ತದೆ.

ಮುಖ್ಯ ಆಕ್ಷೇಪ ಬರುವುದು ಇಲ್ಲಿಯೇ. ಹತ್ತು ಮಗ್ಗದ ಮಾಲೀಕನೂ ಬಡವನೇ. ಅವನೂ ಸಾಲದ ರೇಷ್ಮೆ ತರುತ್ತಾನೆ, ಅಂಗಡಿಯವರು ಅವನಿಗೂ ತಿಂಗಳುಗಟ್ಟಲೆ ಹಣ ಬಾಕಿ ಉಳಿಸುತ್ತಾರೆ. ಅವನು ಯಾರ ಹೊರೆಯನ್ನು ಹೊರಬಲ್ಲ? ಈ ಮಾತಿನಲ್ಲಿ ಸತ್ಯವಿದೆ. ಹೊರಬೇಕೆಂಬ ಇಚ್ಛೆಯಿಂದಷ್ಟೇ ಹೊರಲಾಗುವುದಿಲ್ಲ, ಅದಕ್ಕೆ ಒಳ್ಳೆಯ ವರ್ಷಗಳಲ್ಲಿ ಕೂಡಿಟ್ಟ ಹಣ ಬೇಕು. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಸಹಕಾರಿ ಪತ್ತಿನ ಸಂಘ ಶುರುವಾದಾಗಿನಿಂದ ಸಹಕಾರ ಚಳವಳಿ ಕಂಡುಕೊಂಡ ದಾರಿ ಇದೇ. ಕರ್ನಾಟಕದ 1959ರ ಮತ್ತು ಮಹಾರಾಷ್ಟ್ರದ 1960ರ ಸಹಕಾರ ಸಂಘಗಳ ಕಾಯ್ದೆಗಳು ನಿವ್ವಳ ಲಾಭದ ಕನಿಷ್ಠ ನಾಲ್ಕನೆಯ ಒಂದು ಭಾಗವನ್ನು ಕಾಯ್ದಿಟ್ಟ ನಿಧಿಗೆ ಹಾಕಲೇಬೇಕೆಂದು ವಿಧಿಸಿದವು. ಲಾಭ ಬಂದ ವರ್ಷ ಅದನ್ನು ಪೂರ್ತಿ ಹಂಚಿಕೊಳ್ಳುವ ಆಸೆ ಯಾರಿಗಿಲ್ಲ? ಆ ಆಸೆಗೆ ಆಗ ಲಗಾಮು ಹಾಕದವನು ಕೆಟ್ಟ ವರ್ಷದಲ್ಲಿ ಎಷ್ಟು ಒಳ್ಳೆಯವನಾದರೂ ಕೈಚೆಲ್ಲಬೇಕಾಗುತ್ತದೆ. ಸಣ್ಣ ಮಾಲೀಕ ಒಬ್ಬನೇ ಇದನ್ನು ಮಾಡಲಾರ ಎಂದಾದರೆ, ಹತ್ತಾರು ಮಾಲೀಕರು ಕೂಡಿ ಮಾಡಬೇಕೆಂಬುದೇ ಉತ್ತರ. ಗೋವರ್ಧನದ ನೇಕಾರರು ಬಿಡಿಯಾಗಿದ್ದಿದ್ದರೆ ಉಷವದಾತ ಅವರ ಕೈಯಲ್ಲಿ 2,000 ಕಾರ್ಷಾಪಣ ಇಡುತ್ತಿರಲಿಲ್ಲ.

ಹೊರೆ ಹಂಚುವ ಸಂಸ್ಥೆಯಿದ್ದರೂ ಕಾಲ ಕೈಕೊಡಬಹುದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ತಯಾರಿಕೆಗೆ ಹೆಸರಾದದ್ದು. ಅಲ್ಲಿ ನೂಲುವವರು, ನೇಯುವವರು, ಹೊಲಿಯುವವರು ಹೆಚ್ಚಿನವರು ಹೆಂಗಸರು. ರಾಷ್ಟ್ರಧ್ವಜದ ನಿಯಮಗಳಿಗೆ 2021ರ ಡಿಸೆಂಬರ್ 30ರಂದು ಬಂದ ತಿದ್ದುಪಡಿ ಪಾಲಿಸ್ಟರ್ ಬಟ್ಟೆಯ, ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಅವಕಾಶ ಕೊಟ್ಟಿತು. ಮರುವರ್ಷ ಮನೆಮನೆಯಲ್ಲಿ ಧ್ವಜ ಹಾರಿದಾಗ ಖಾದಿಯ ಬೇಡಿಕೆ ಅದಕ್ಕೆ ತಕ್ಕಂತೆ ಏರಲಿಲ್ಲ. ಸಂಘ ತನ್ನ ನಷ್ಟವನ್ನು ಮುಚ್ಚಿಡದೆ ಬಹಿರಂಗವಾಗಿ ಹೇಳಿತು, ಪ್ರತಿಭಟಿಸಿತು, ತಿದ್ದುಪಡಿ ಹಿಂಪಡೆಯಲು ಕೇಳಿತು. ಕೆಲವರಿಗೆ ಇದು ದುರ್ಬಲತೆಯ ಪ್ರದರ್ಶನದಂತೆ ಕಾಣಬಹುದು, ಗ್ರಾಹಕರು ಇನ್ನೂ ದೂರ ಸರಿದಾರೆಂಬ ಭಯವೂ ಇರಬಹುದು. ಸಂಸ್ಥೆ ತನ್ನವರ ಪರವಾಗಿ ಹೊರಗಿನವರ ಮುಂದೆ ನಿಂತು ನಿಜ ಹೇಳುವುದು ಮುಂದಾಳ್ತನದ ಭಾಗವೇ ಎಂಬುದು ನನ್ನ ಎಣಿಕೆ. ಒಳಗಿನ ತಂಡಕ್ಕೆ ಒಂದು ಲೆಕ್ಕ, ಹೊರಗಿನ ಜಗತ್ತಿಗೆ ಇನ್ನೊಂದು ಲೆಕ್ಕ ಕೊಡುವ ಸಂಸ್ಥೆಯಲ್ಲಿ ಎರಡೂ ಲೆಕ್ಕಗಳನ್ನು ಜನ ನಂಬುವುದನ್ನು ಬಿಡುತ್ತಾರೆ.

ಇನ್ನೊಂದು ಆಕ್ಷೇಪ ಹೆಚ್ಚು ಸೂಕ್ಷ್ಮ. ಮುಂದೇನೆಂದು ತಿಳಿಯದಿದ್ದರೆ ಅದಕ್ಕೆ ನಿಯಮವನ್ನು ಮೊದಲೇ ಬರೆಯುವುದು ಹೇಗೆ? ಸಂದರ್ಭ ಬಂದಾಗ ವಿವೇಕದಿಂದ ತೀರ್ಮಾನಿಸುವುದೇ ಸರಿಯಲ್ಲವೇ? ಉತ್ತರಕ್ಕಾಗಿ ಪೈಠಣದ ಜಾಯಕವಾಡಿ ಅಣೆಕಟ್ಟಿನ ಕಡೆ ನೋಡಬೇಕು. ಅದಕ್ಕೆ 1965ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು, 1976ರಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಅದರ ಹಿನ್ನೀರಿನ ನಾಥಸಾಗರ ಮರಾಠವಾಡದ ಹೊಲಗಳಿಗೂ, ಸಂಭಾಜಿನಗರದ ಕುಡಿಯುವ ನೀರಿಗೂ, ಕಾರ್ಖಾನೆಗಳಿಗೂ ಆಸರೆ. ಅದರ ಮೇಲ್ಗಡೆ ನಾಸಿಕ ಮತ್ತು ಅಹಿಲ್ಯಾನಗರ ಜಿಲ್ಲೆಗಳಲ್ಲಿ ಗಂಗಾಪುರ, ದಾರಣಾ, ಭಂಡಾರದರಾ, ಮುಳಾ ಅಣೆಕಟ್ಟುಗಳಿವೆ. ಮಳೆ ಕಡಿಮೆಯಾದ ವರ್ಷ ಮೇಲಿನವರು ನೀರು ಬಿಡುವುದಿಲ್ಲ, ಕೆಳಗಿನವರು ಬೀದಿಗಿಳಿಯುತ್ತಾರೆ. ಬರ ಬಂದ ಮೇಲೆ ವಿವೇಕದಿಂದ ತೀರ್ಮಾನಿಸೋಣವೆಂದರೆ ಆ ಹೊತ್ತಿಗೆ ವಿವೇಕಕ್ಕೆ ಜಾಗವೇ ಉಳಿದಿರುವುದಿಲ್ಲ, ಪ್ರತಿಯೊಬ್ಬರ ಹೊಲವೂ ಒಣಗುತ್ತಿರುತ್ತದೆ. ಮೇಂಢೇಗಿರಿ ಸಮಿತಿಯ ವರದಿಯ ಆಧಾರದ ಮೇಲೆ ಮಹಾರಾಷ್ಟ್ರದ ಜಲಸಂಪನ್ಮೂಲ ನಿಯಂತ್ರಣ ಪ್ರಾಧಿಕಾರ 2014ರ ಸೆಪ್ಟೆಂಬರಿನಲ್ಲಿ ಒಂದು ಗೆರೆ ಎಳೆಯಿತು: ಅಕ್ಟೋಬರ್ 15ಕ್ಕೆ ಜಾಯಕವಾಡಿಯಲ್ಲಿ ಬಳಕೆಯ ನೀರು ಶೇ. 65ಕ್ಕಿಂತ ಕಡಿಮೆಯಿದ್ದರೆ ಮೇಲಿನ ಅಣೆಕಟ್ಟುಗಳು ಕೋಷ್ಟಕದಂತೆ ನೀರು ಬಿಡಬೇಕು. 2016ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2023ರ ಬರದಲ್ಲಿ ನಾಸಿಕದ ಕಡೆಯ ವಿರೋಧದ ನಡುವೆಯೂ ಈ ಗೆರೆಯ ಆಧಾರದ ಮೇಲೆಯೇ ನೀರು ಬಿಡುವ ಆದೇಶ ಹೊರಟಿತು.

ಯಾವ ವರ್ಷ ಬರ ಬರುತ್ತದೆಂದು ಈ ನಿಯಮ ಬರೆದವರಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಬಂದರೆ ಯಾವ ದಿನ ನೋಡಬೇಕು, ಯಾವ ಅಂಕಿಗಿಂತ ಕೆಳಗಿಳಿದರೆ ಯಾರು ಎಷ್ಟು ಬಿಡಬೇಕು ಎಂದಷ್ಟೇ ಬರೆದರು. 65 ಸರಿಯಾದ ಅಂಕಿಯೇ ಎಂಬ ವಿವಾದ ಆಮೇಲೂ ನಡೆಯಿತು, ಅದನ್ನು ಪರಿಷ್ಕರಿಸಬೇಕೆಂಬ ಒತ್ತಾಯವೂ ಬಂತು. ಜಗಳ ಅಂಕಿಯ ಮೇಲೆ ನಡೆಯುವುದು ಕಾಲುವೆಯ ಬಾಗಿಲ ಮುಂದೆ ನಡೆಯುವುದಕ್ಕಿಂತ ಎಷ್ಟೋ ಮೇಲು. ಕೆಲಸದ ತಂಡದಲ್ಲೂ ಇದೇ ಕ್ರಮ ಸಾಧ್ಯ. ಕೈಯಲ್ಲಿರುವ ಬೇಡಿಕೆ ಇಷ್ಟು ವಾರಗಳಿಗಿಂತ ಕಡಿಮೆಯಾದರೆ ಮೊದಲು ಮಾಲೀಕರ ಪಾಲು ನಿಲ್ಲುತ್ತದೆ, ಆಮೇಲೆ ಮೇಲಿನ ಸಂಬಳಗಳು ಇಷ್ಟು ಇಳಿಯುತ್ತವೆ, ಕೊನೆಗೆ ಎಲ್ಲರ ದುಡಿಮೆಯ ದಿನ ಸಮನಾಗಿ ಕಡಿಮೆಯಾಗುತ್ತದೆ ಎಂಬ ಅನುಕ್ರಮವನ್ನು ಕೆಲಸ ತುಂಬಿರುವ ತಿಂಗಳಲ್ಲೇ ಎಲ್ಲರನ್ನೂ ಕೂರಿಸಿ ಬರೆಯಬಹುದು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಒಂದು ಬೆಳಿಗ್ಗೆ ಮಿಂಚಂಚೆ ತೆರೆದಾಗ ಕೆಲಸ ಹೋಗಿರುವ ಸುದ್ದಿ ತಿಳಿಯುವವರ ನೋವಿನಲ್ಲಿ ಕೆಲಸ ಹೋದದ್ದೊಂದೇ ಇರುವುದಿಲ್ಲ. ಯಾವ ಗೆರೆಯೂ ಕಾಣಿಸದೆ, ಯಾವ ಅನುಕ್ರಮವೂ ತಿಳಿಯದೆ ತಾನು ಆಯ್ಕೆಯಾದೆನೆಂಬುದೂ ಅದರಲ್ಲಿ ಇರುತ್ತದೆ. ಉಳಿದವರನ್ನೂ ಆ ಕತ್ತಲು ಹಿಡಿದುಕೊಳ್ಳುತ್ತದೆ, ಅವರ ಅರ್ಧ ಗಮನ ಅಂದಿನಿಂದ ಬೇರೆ ಕೆಲಸ ಹುಡುಕುವುದರಲ್ಲಿರುತ್ತದೆ.

ಕಡೆಯದಾಗಿ ಒಂದು ಮಾತನ್ನು ಎದುರಿಸಬೇಕು. ನಷ್ಟದಿಂದ ರಕ್ಷಣೆ ಸಿಕ್ಕರೆ ಕೆಲಸಗಾರ ಸೋಮಾರಿಯಾಗುತ್ತಾನೆ, ಹಾಗಾಗಿ ಸ್ವಲ್ಪ ಭಯವಿರಬೇಕು ಎನ್ನುವವರಿದ್ದಾರೆ. ಭಯದಿಂದ ವೇಗ ಹೆಚ್ಚುವ ಕೆಲಸಗಳು ಕೆಲವು ಇರಬಹುದು. ಪೈಠಣಿಯ ಸೆರಗು ಅಂಥ ಕೆಲಸವಲ್ಲ. ಅಲ್ಲಿ ಒಂದು ದಿನದ ದುಡಿಮೆ ಕೆಲವೊಮ್ಮೆ ಬೆರಳಗಲವೂ ಸಾಗುವುದಿಲ್ಲ, ಅವಸರದಲ್ಲಿ ತಪ್ಪಿದ ಎಳೆ ಎರಡೂ ಮುಖದಲ್ಲಿ ಕಾಣುತ್ತದೆ. ಬರುವ ತಿಂಗಳ ಅಕ್ಕಿಯ ಚಿಂತೆಯಲ್ಲಿರುವವನು ದಟ್ಟ ಸೆರಗನ್ನು ಒಪ್ಪಿಕೊಳ್ಳುವುದೇ ಇಲ್ಲ. ಬೇಗ ಮುಗಿದು ಬೇಗ ಮಜೂರಿ ಬರುವ ಸರಳ ಅಂಚಿನ ಸೀರೆ ಆರಿಸುತ್ತಾನೆ, ಮಗನನ್ನು ಮಗ್ಗದಿಂದ ಬಿಡಿಸಿ ಬೇರೆ ಕೆಲಸಕ್ಕೆ ಕಳಿಸುತ್ತಾನೆ. ಕೌಶಲ ಕರಗುವುದು ಹೀಗೆಯೇ. ಅದನ್ನು ತಡೆಯಲು ಬರೆದಿಡಬೇಕಾದ ಬಾಬ್ತುಗಳು ಐದು: ನೂಲಿಗಾಗಿ ಕಾಯುವ ದಿನಕ್ಕೆ ಅರ್ಧ ಮಜೂರಿ, ಮಾಲೀಕ ಕೊಟ್ಟ ಬಣ್ಣ ಕೈಕೊಟ್ಟು ಬಿಚ್ಚಿದರೆ ಬಿಚ್ಚಿದ ದಿನಗಳಿಗೂ ಕೂಲಿ, ಕಂಡಿಕೆ ಸುತ್ತುವ ಹೆಣ್ಣುಮಕ್ಕಳ ಹೆಸರಿನಲ್ಲೇ ಅವರ ಪಾಲು, ಆರು ತಿಂಗಳು ಮೀರುವ ಸೀರೆಗೆ ತಿಂಗಳ ಲೆಕ್ಕದ ಮುಂಗಡ, ಇವನ್ನೆಲ್ಲ ಭರಿಸಲು ಪ್ರತಿ ಸೀರೆಯ ಮಾರಾಟದಿಂದ ತೆಗೆದಿಡುವ ಒಂದು ಪಾಲು. ಯೇವಲಾದಲ್ಲಾಗಲಿ ಇಳಕಲ್ಲಿನಲ್ಲಾಗಲಿ ಒಂದು ಮಗ್ಗದ ಕೇರಿಯ ಮಾಲೀಕರೂ ನೇಕಾರರೂ ಒಟ್ಟಿಗೆ ಕೂತು ಈ ಐದು ಬಾಬ್ತುಗಳಿಗೆ ತಮ್ಮ ಶಕ್ತಿಗೆ ತಕ್ಕ ಅಂಕಿ ತುಂಬಿ ಸಹಿ ಹಾಕುವುದಕ್ಕೆ ಸರ್ಕಾರದ ಯೋಜನೆಗಾಗಿ ಕಾಯಬೇಕಾಗಿಲ್ಲ. ಒಬ್ಬರ ಅಂಕಿ ಒಂದಿರಲಿ, ಇನ್ನೊಬ್ಬರದು ಮುಕ್ಕಾಲಿರಲಿ. ಆ ಹಾಳೆಯ ಒಂದು ಪ್ರತಿ ನೇಕಾರನ ಮನೆಯಲ್ಲೂ ಇರಬೇಕು.